ಮಣ್ಣಿನಲ್ಲಿರುವ ಸೀಸ ಯಾರದು?

ಮಣ್ಣಿನ ವ್ಯಾಜ್ಯವೆಂದರೆ ನಮ್ಮವರಿಗೆ ಹೊಸದಲ್ಲ. ಎಲ್ಲೆಕಲ್ಲು ಎಲ್ಲಿತ್ತು, ಬದುವನ್ನು ಒತ್ತಿದವರು ಯಾರು, ಪಹಣಿಯಲ್ಲಿ ಯಾರ ಹೆಸರಿದೆ ಎಂದು ತಲೆಮಾರುಗಟ್ಟಲೆ ಕೋರ್ಟು ಕಚೇರಿಗಳನ್ನು ಅಲೆದ ಮನೆತನಗಳು ಊರೂರಿನಲ್ಲಿಯೂ ಉಂಟು. ಇಪ್ಪತ್ತನೆಯ ಶತಮಾನದಲ್ಲಿ ಮಣ್ಣಿನ ಬಗ್ಗೆ ಬೇರೊಂದು ಬಗೆಯ ವ್ಯಾಜ್ಯ ನಡೆಯಿತು. ಅದು ಮಣ್ಣಿನ ಒಡೆತನದ್ದಲ್ಲ. ಮಣ್ಣಿನಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿರುವ ಸೀಸದ್ದು. ಆ ಸೀಸವನ್ನು ಅಲ್ಲಿ ಇಟ್ಟವರು ಯಾರು? ಪ್ರಕೃತಿಯೋ, ಮನುಷ್ಯನೋ? ಕೇಳಿದರೆ ಇದು ಪಂಡಿತರು ಪುರಸೊತ್ತಿನಲ್ಲಿ ಚರ್ಚಿಸತಕ್ಕ ವಿಷಯವೆನಿಸಬಹುದು. ಆದರೆ ಇದಕ್ಕೆ ಸರಿಯಾದ ಉತ್ತರ ದೊರೆಯಲು ಸುಮಾರು ಅರ್ಧ ಶತಮಾನ ಹಿಡಿಯಿತು; ಆ ಅರ್ಧ ಶತಮಾನದಲ್ಲಿ ಹುಟ್ಟಿ ಬೆಳೆದ ಕೋಟ್ಯಂತರ ಮಕ್ಕಳು ವಿಳಂಬದ ಬೆಲೆಯನ್ನು ತೆತ್ತರು.

ಒಂದು ಹಿಡಿ ಮಣ್ಣಿನಲ್ಲಿ ಏನೇನಿರುತ್ತದೆ? ಮರಳು, ಜೇಡಿ, ಕೊಳೆತ ಎಲೆ ಬೇರುಗಳು, ನೀರು, ಗಾಳಿ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು. ಇವಲ್ಲದೆ ಸತು, ತಾಮ್ರ, ನಿಕ್ಕಲು, ಕ್ರೋಮಿಯಂ, ಕ್ಯಾಡ್ಮಿಯಂ, ಸೀಸ ಮೊದಲಾದ ಲೋಹಗಳೂ ಲೇಶಮಾತ್ರವಾಗಿ ಇರುತ್ತವೆ. ಅದರಿಂದ ಇವನ್ನು ಲೇಶಲೋಹಗಳೆಂದು ಕರೆಯೋಣ. ಇವುಗಳಲ್ಲಿ ಸತು, ತಾಮ್ರಗಳು ಪೈರಿಗೂ ಬೇಕು, ನಮಗೂ ಬೇಕು. ಗದ್ದೆಯಲ್ಲಿ ಸತು ಕಡಿಮೆಯಾದರೆ ಭತ್ತದ ಎಲೆ ತುಕ್ಕು ಹಿಡಿದಂತೆ ಕಂದಾಗುವುದನ್ನು ರೈತರು ಬಲ್ಲರು. ಸೀಸದ ಮಾತು ಹಾಗಲ್ಲ. ಗಿಡಕ್ಕಾಗಲಿ ಪ್ರಾಣಿಗಾಗಲಿ ಅದರಿಂದ ಆಗಬೇಕಾದ ಕೆಲಸ ಒಂದೂ ಇಲ್ಲ. ರಕ್ತವನ್ನು ಸೇರಿದ ಸೀಸವನ್ನು ದೇಹವು ಕ್ಯಾಲ್ಸಿಯಮ್ಮೆಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಬೆಳೆಯುತ್ತಿರುವ ಮಕ್ಕಳ ಮಿದುಳಿಗೆ ಅದು ಹಾನಿ ಮಾಡುತ್ತದೆ. ಆದುದರಿಂದ ಲೇಶಲೋಹಗಳ ಕಥೆಯಲ್ಲಿ ಸೀಸದ ಅಧ್ಯಾಯವನ್ನೇ ಆರಿಸಿಕೊಂಡು ನೋಡುವುದು ಒಳ್ಳೆಯದು.

ಮೊದಲು ಪ್ರಕೃತಿಯ ಪಾಲನ್ನು ಲೆಕ್ಕ ಹಾಕೋಣ. ಮಣ್ಣಿನ ತಾಯಿ ಬಂಡೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ನೋಡದವರು ವಿರಳ. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಜಾತಿಯ ಬಂಡೆಗಳಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಹೇರಳವಾಗಿರುತ್ತದೆ. ಆ ಖನಿಜದಲ್ಲಿ ಪೊಟ್ಯಾಸಿಯಂ ಕೂರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಸೀಸದ ಪರಮಾಣು ನುಸುಳಿ ಕುಳಿತಿರುತ್ತದೆ. ಮಳೆ ಬಿಸಿಲುಗಳಿಗೆ ಬಂಡೆ ಸವೆದು ಪುಡಿಯಾಗಿ ನಮ್ಮ ಕೆಂಪು ಮಣ್ಣಾದಾಗ ಆ ಸೀಸವೂ ಮಣ್ಣಿಗೆ ಇಳಿಯುತ್ತದೆ. ವಿಜಯಪುರದ ಕಡೆಯ ಎರೆಮಣ್ಣಿನ ಕುಲವೇ ಬೇರೆ. ಅದು ಕಪ್ಪು ಬಸಾಲ್ಟು ಶಿಲೆಯ ಮಗಳು. ಬಸಾಲ್ಟಿನಲ್ಲಿ ತಾಮ್ರ, ಸತುಗಳು ಹೆಚ್ಚು, ಸೀಸ ಕಡಿಮೆ. ಹೀಗೆ ಒಂದೇ ನಾಡಿನಲ್ಲಿ ಮಣ್ಣಿನಿಂದ ಮಣ್ಣಿಗೆ ಲೋಹಗಳ ಪ್ರಮಾಣ ಹುಟ್ಟಿನಿಂದಲೇ ಬೇರೆಯಾಗಿರುತ್ತದೆ. ಒಟ್ಟಿನ ಮೇಲೆ, ಮನುಷ್ಯನ ಕೈ ಸೋಕದ ಮಣ್ಣಿನಲ್ಲಿ ಸಾಧಾರಣವಾಗಿ ಹತ್ತು ಲಕ್ಷ ಪಾಲಿಗೆ 10ರಿಂದ 30 ಪಾಲು ಸೀಸವಿರುತ್ತದೆ ಎನ್ನಬಹುದು. ಅದಿರು ಇರುವ ಗುಡ್ಡಗಳ ನೆತ್ತಿಯಲ್ಲಿ ಇದಕ್ಕಿಂತ ಬಹಳ ಹೆಚ್ಚೂ ಇರಬಹುದು. ಜ್ವಾಲಾಮುಖಿಗಳ ಹೊಗೆ, ಕಾಡುಗಿಚ್ಚಿನ ಬೂದಿ, ಮರುಭೂಮಿಯಿಂದ ಹಾರಿ ಬರುವ ಧೂಳು ಇವುಗಳೂ ತಮ್ಮ ತಮ್ಮ ಕಾಣಿಕೆಯನ್ನು ಸಲ್ಲಿಸುತ್ತವೆ. ಆದರೆ ಅವು ಚಿಕ್ಕ ಕಾಣಿಕೆಗಳು.

ಎರಡನೆಯ ಪಾಲುಗಾರ ಮನುಷ್ಯ. ಅವನು ಸೀಸವನ್ನು ಹುಡುಕಿಕೊಂಡು ಹೋದುದು ಸೀಸಕ್ಕಾಗಿ ಅಲ್ಲ, ಬೆಳ್ಳಿಗಾಗಿ. ಪ್ರಾಚೀನ ಕಾಲದ ಬೆಳ್ಳಿಯ ಬಹುಭಾಗ ಸೀಸದ ಅದಿರಿನಲ್ಲಿ ಅಡಗಿತ್ತು. ಅದಿರನ್ನು ಕಾಯಿಸಿ ಸೀಸವನ್ನು ತೆಗೆದು, ಅದನ್ನು ಮತ್ತೆ ಉರಿಯುವ ಮೂಸೆಯಲ್ಲಿ ಗಾಳಿ ಊದಿ ಕಾಯಿಸಿದರೆ ಸೀಸ ಬೂದಿಯಾಗಿ ಬೇರ್ಪಟ್ಟು ಬೆಳ್ಳಿಯ ಗುಂಡು ಉಳಿಯುತ್ತದೆ. ಒಂದು ತೊಲ ಬೆಳ್ಳಿಗೆ ನೂರಾರು ತೊಲ ಸೀಸ ಹೊರಬರುತ್ತಿತ್ತು. ಅಥೆನ್ಸಿನ ಬಳಿಯ ಲಾರಿಯಂ ಗಣಿಗಳ ಬೆಳ್ಳಿಯಿಂದಲೇ ಥೆಮಿಸ್ಟೋಕ್ಲೀಸನು ಹಡಗುಗಳನ್ನು ಕಟ್ಟಿಸಿದನು. ಆ ಹಡಗುಗಳೇ ಕ್ರಿ.ಪೂ. 480ರಲ್ಲಿ ಸಲಾಮಿಸ್ ಕದನದಲ್ಲಿ ಪಾರಸಿಕರನ್ನು ಸೋಲಿಸಿದುವು. ಚರಿತ್ರೆಯ ಪುಸ್ತಕಗಳಲ್ಲಿ ಆ ಗೆಲುವಿನ ವರ್ಣನೆ ಇದೆ. ಆ ಕುಲುಮೆಗಳ ಹೊಗೆ ಎಲ್ಲಿಗೆ ಹೋಯಿತೆಂಬ ಲೆಕ್ಕ ಇಲ್ಲ.

ಗ್ರೀಕರ ಬಳಿಕ ರೋಮನರು. ಅವರ ಕಾಲಕ್ಕೆ ಸೀಸವು ನೀರಿನ ಕೊಳವೆಯಾಯಿತು, ತೊಟ್ಟಿಯಾಯಿತು, ಪಾತ್ರೆಯಾಯಿತು. ಎರಡು ಸಾವಿರ ವರ್ಷಗಳ ಹಿಂದೆ, ರೋಮಿನ ವೈಭವ ಶಿಖರಕ್ಕೇರಿದ್ದಾಗ, ವರ್ಷಕ್ಕೆ ಸುಮಾರು 80,000 ಟನ್ನು ಸೀಸವನ್ನು ಕರಗಿಸಲಾಗುತ್ತಿತ್ತೆಂದು ಅಂದಾಜು ಮಾಡಿದ್ದಾರೆ. ಅದರ ಕೆಡುಕನ್ನು ಕಂಡವರು ಆಗಲೂ ಇದ್ದರು. ಶಿಲ್ಪಶಾಸ್ತ್ರವನ್ನು ಬರೆದ ವಿಟ್ರುವಿಯಸನು ಸೀಸದ ಕೆಲಸಗಾರರ ಬಿಳಿಚಿಕೊಂಡ ಮೈಬಣ್ಣವನ್ನು ಗಮನಿಸಿ, ಕುಡಿಯುವ ನೀರಿಗೆ ಸುಟ್ಟ ಮಣ್ಣಿನ ಕೊಳವೆಯೇ ಲೇಸೆಂದು ಹೇಳಿದನು. ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದಿರಲಿಲ್ಲ. ರಾಜಸ್ಥಾನದ ಅರಾವಳಿಯಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸೀಸ, ಬೆಳ್ಳಿಗಳ ಗಣಿಗಾರಿಕೆ ನಡೆದ ಗುರುತುಗಳಿವೆ. ಅಲ್ಲಿಯ ಜಾವರಿನಲ್ಲಿ ಸತುವನ್ನು ಬಟ್ಟಿಯಿಳಿಸಿದ ಮೂಸೆಗಳ ರಾಶಿಗಳನ್ನು ಇಂದಿಗೂ ಕಾಣಬಹುದು. ನಮ್ಮ ರಸಶಾಸ್ತ್ರಕಾರರು ಸೀಸವನ್ನು ‘ನಾಗ’ವೆಂದು ಕರೆದರು. ಶೋಧಿಸದೆ ಬಳಸಬಾರದೆಂದು ವಿಧಿಸಿದ ಆ ಲೋಹಕ್ಕೆ ಹಾವಿನ ಹೆಸರು ಒಪ್ಪುತ್ತದೆ.

ಆದರೂ ಪ್ರಾಚೀನರು ಮಾಡಿದ್ದು ಕುಲುಮೆಯ ಸುತ್ತಲಿನ ಕೆಡುಕು. ಸೀಸವನ್ನು ಪ್ರತಿಯೊಂದು ಊರಿನ, ಪ್ರತಿಯೊಂದು ಬೀದಿಯ ಮಣ್ಣಿಗೆ ಹಂಚಿದ ಕೀರ್ತಿ ಇಪ್ಪತ್ತನೆಯ ಶತಮಾನದ್ದು. 1921ರ ಡಿಸೆಂಬರಿನಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಎಂಜಿನಿಯರ್ ಥಾಮಸ್ ಮಿಡ್ಜ್‌ಲಿ ಎಂಬಾತನು ಒಂದು ಉಪಾಯವನ್ನು ಕಂಡುಹಿಡಿದನು. ಮೋಟಾರಿನ ಎಂಜಿನ್ನು ಏರಿನಲ್ಲಿ ಬಡಿದುಕೊಳ್ಳುತ್ತಿತ್ತಷ್ಟೆ. ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸವೆಂಬ ದ್ರವವನ್ನು ಸ್ವಲ್ಪ ಬೆರೆಸಿದರೆ ಆ ಬಡಿತ ನಿಂತುಹೋಗುತ್ತಿತ್ತು. 1923ರ ಫೆಬ್ರವರಿಯಲ್ಲಿ ಆ ಪೆಟ್ರೋಲು ಮಾರಾಟಕ್ಕೆ ಬಂದಿತು. ಅದಕ್ಕೆ ಇಟ್ಟ ಹೆಸರು ‘ಈಥೈಲ್’. ಸೀಸವೆಂಬ ಮಾತು ಆ ಹೆಸರಿನಲ್ಲಿ ಇರಲಿಲ್ಲ.

ಮರುವರ್ಷವೇ ಅನಾಹುತವಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಬೇವೇ ಎಂಬಲ್ಲಿ ಈ ದ್ರವವನ್ನು ತಯಾರಿಸುತ್ತಿದ್ದ ಕಾರ್ಮಿಕರು ಭ್ರಮೆ ಹಿಡಿದವರಂತೆ ಕೂಗಾಡತೊಡಗಿದರು. ಐವರು ಸತ್ತರು, ಹಲವರು ಆಸ್ಪತ್ರೆ ಸೇರಿದರು. 1925ರ ಮೇ 20ರಂದು ವಾಷಿಂಗ್‌ಟನ್ನಿನಲ್ಲಿ ಸರ್ಕಾರ ಒಂದು ಸಭೆ ಕರೆಯಿತು. ಕೈಗಾರಿಕಾ ರೋಗಗಳನ್ನು ಜೀವಮಾನವೆಲ್ಲ ಅಧ್ಯಯನ ಮಾಡಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅಲ್ಲಿದ್ದರು. ಸೀಸವನ್ನು ಬೀದಿಬೀದಿಗೆ ಚೆಲ್ಲುವುದು ಅಪಾಯವೆಂದು ಆಕೆ ಎಚ್ಚರಿಸಿದರು. ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ನಿಷೇಧಿಸಲು ಸಾಕಷ್ಟು ಕಾರಣ ಕಾಣುವುದಿಲ್ಲವೆಂದು ಸಮಿತಿಯು 1926ರ ಆರಂಭದಲ್ಲಿ ಹೇಳಿತು. ಪೆಟ್ರೋಲು ಮತ್ತೆ ಬಂಕುಗಳಿಗೆ ಬಂದಿತು.

ಇಲ್ಲಿಂದ ಮುಂದೆ ವ್ಯಾಜ್ಯದ ನಿಜವಾದ ವಾದ ಆರಂಭವಾಗುತ್ತದೆ. ಸೀಸದ ಪರವಾಗಿ ನಿಂತವರು ಸಿನ್ಸಿನಾಟಿಯ ರಾಬರ್ಟ್ ಕೀಹೋ ಎಂಬ ವೈದ್ಯರು. ಅವರು ಈಥೈಲ್ ಕಂಪನಿಯ ವೈದ್ಯಕೀಯ ಸಲಹೆಗಾರರಾಗಿದ್ದರು. ಅವರ ಪ್ರಯೋಗಶಾಲೆಗೂ ಸೀಸದ ಉದ್ಯಮದಿಂದಲೇ ಹಣ ಬರುತ್ತಿತ್ತು. ಹಾಗೆಂದು ಅವರನ್ನು ಬರಿಯ ಬಾಡಿಗೆಯ ಬಾಯಿ ಎಂದು ತಳ್ಳಿಹಾಕುವಂತಿಲ್ಲ. ಆ ಕಾಲದಲ್ಲಿ ಸೀಸವನ್ನು ಅವರಷ್ಟು ಶ್ರಮಪಟ್ಟು ಅಳೆದವರು ಕಡಿಮೆ. ಅವರ ವಾದದ ತಿರುಳು ಇಷ್ಟು: ಸೀಸವು ಮಣ್ಣಿನಲ್ಲಿ ಸ್ವಭಾವತಃ ಇದೆ, ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ಅನ್ನಕ್ಕೆ, ಅನ್ನದಿಂದ ದೇಹಕ್ಕೆ ಬರುತ್ತದೆ, ಮನುಷ್ಯ ಆದಿಯಿಂದಲೂ ಅದನ್ನು ಉಂಡು ವಿಸರ್ಜಿಸುತ್ತಾ ಬಂದಿದ್ದಾನೆ, ಒಂದು ಮಿತಿಯನ್ನು ದಾಟದಿದ್ದರೆ ಹಾನಿಯಿಲ್ಲ.

ಇದನ್ನು ತೋರಿಸಲು ಕೀಹೋ 1930ರ ದಶಕದಲ್ಲಿ ಮೆಕ್ಸಿಕೋ ದೇಶದ ಒಂದು ಒಳನಾಡಿನ ಹಳ್ಳಿಗೆ ಹೋದರು. ಅಲ್ಲಿ ಮೋಟಾರುಗಳ ಹೊಗೆಯಿರಲಿಲ್ಲ, ಕಾರ್ಖಾನೆಗಳಿರಲಿಲ್ಲ. ಆದರೂ ಆ ರೈತರ ಮೂತ್ರದಲ್ಲಿ, ಅವರ ಆಹಾರದಲ್ಲಿ, ಅವರ ಹೊಲದ ಮಣ್ಣಿನಲ್ಲಿ ಸೀಸವಿತ್ತು. ನಾಗರಿಕತೆಯಿಂದ ದೂರವಿರುವವರಲ್ಲಿಯೂ ಸೀಸವಿದ್ದ ಮೇಲೆ ಅದು ಪ್ರಕೃತಿಯ ಕೊಡುಗೆಯಲ್ಲದೆ ಮತ್ತೇನು? ವಾದ ಸರಿಯಾಗಿಯೇ ಕಾಣುತ್ತದೆ. ಆದರೆ ಮೆಕ್ಸಿಕೋದ ಹಳ್ಳಿಗರು ಉಣ್ಣುತ್ತಿದ್ದುದು ಸೀಸದ ಮೆರುಗು ಕೊಟ್ಟ ಮಣ್ಣಿನ ಪಾತ್ರೆಗಳಲ್ಲಿ. ಆ ಮೆರುಗನ್ನು ಅಲ್ಲಿಗೆ ತಂದವರು ಹದಿನಾರನೆಯ ಶತಮಾನದ ಸ್ಪೇನಿನವರು. ಪ್ರಕೃತಿಯ ಸಾಕ್ಷಿಯೆಂದು ಕರೆತಂದವರು ಚರಿತ್ರೆಯ ಸಾಕ್ಷಿಗಳಾಗಿದ್ದರು! ಈ ಲೋಪ ಯಾರ ಗಮನಕ್ಕೂ ಬಾರದೆ ಮೂವತ್ತು ವರ್ಷ ಕಳೆಯಿತು. ಹಾನಿಯಾಗುತ್ತದೆಂದು ತೋರಿಸುವ ಹೊಣೆ ದೂರುವವರದು, ಅಲ್ಲಿಯವರೆಗೆ ಮಾರಾಟ ನಡೆಯಲಿ ಎಂಬುದೇ ನ್ಯಾಯವಾಗಿ ನಿಂತಿತು.

ಈ ಮೌನವನ್ನು ಮುರಿದವರು ವೈದ್ಯರಲ್ಲ. ಪೆಟ್ರೋಲಿಗೂ ಮಕ್ಕಳಿಗೂ ಸಂಬಂಧವೇ ಇಲ್ಲದ ಒಂದು ಪ್ರಶ್ನೆಯನ್ನು ಹಿಡಿದು ಹೊರಟಿದ್ದ ಕ್ಲೇರ್ ಪ್ಯಾಟರ್ಸನ್ ಎಂಬ ರಸಾಯನ ವಿಜ್ಞಾನಿ. ಆತನು ಹುಟ್ಟಿದ್ದು 1922ರಲ್ಲಿ, ಅಯೋವಾ ಪ್ರಾಂತದಲ್ಲಿ. ಆತನಿಗೆ ಬೇಕಾಗಿದ್ದುದು ಭೂಮಿಯ ವಯಸ್ಸು. ಯುರೇನಿಯಂ ಧಾತು ಮೆಲ್ಲಮೆಲ್ಲನೆ ಕ್ಷಯಿಸಿ ಕೊನೆಗೆ ಸೀಸವಾಗುತ್ತದೆ. ಆದ್ದರಿಂದ ಕಲ್ಲಿನಲ್ಲಿ ಎಷ್ಟು ಯುರೇನಿಯಂ ಸೀಸವಾಗಿದೆಯೆಂದು ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ. 1948ರಲ್ಲಿ ಶಿಕಾಗೋದಲ್ಲಿ ಕೆಲಸ ಆರಂಭಿಸಿದಾಗ ಆತನಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಕಲ್ಲಿನಲ್ಲಿ ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೀಸ ಕಾಣಿಸುತ್ತಿತ್ತು. ಅದು ಕಲ್ಲಿನದಲ್ಲ, ಗಾಜಿನ ಪಾತ್ರೆಯದು, ನೀರಿನದು, ಆಮ್ಲದ್ದು, ಕೋಣೆಯ ಧೂಳಿನದು, ಅಳೆಯುವವನ ಬಟ್ಟೆ ಕೂದಲುಗಳದು. ಆತನು ವರ್ಷಗಟ್ಟಲೆ ಪಾತ್ರೆಗಳನ್ನು ಆಮ್ಲದಲ್ಲಿ ಕುದಿಸಿ ತೊಳೆದು, ಸೋಸಿದ ಗಾಳಿಯನ್ನೇ ಒಳಗೆ ಬಿಡುವ ಕೋಣೆಯನ್ನು ಕಟ್ಟಿದನು. ನಮ್ಮ ಅಜ್ಜಿಯಂದಿರ ಮಡಿಗಿಂತಲೂ ಬಿಗಿಯಾದ ಮಡಿ ಅದು. 1956ರಲ್ಲಿ ಪ್ರಕಟವಾದ ಉತ್ತರ ಲೋಕಪ್ರಸಿದ್ಧ: ಭೂಮಿಯ ವಯಸ್ಸು 455 ಕೋಟಿ ವರ್ಷ. ಆ ಸಂಖ್ಯೆ ಇಂದಿಗೂ ಬಹುಮಟ್ಟಿಗೆ ಹಾಗೆಯೇ ನಿಂತಿದೆ.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಧನ್ಯನಾದೆನೆಂದು ನಿಲ್ಲುತ್ತಿದ್ದನು. ಪ್ಯಾಟರ್ಸನನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಎಲ್ಲೆಲ್ಲಿಯೂ ಮೆತ್ತಿಕೊಂಡಿದ್ದ ಈ ಧೂಳಿನ ಸೀಸ ಬಂದುದೆಲ್ಲಿಂದ? ಆತನು ಸಮುದ್ರದ ನೀರನ್ನು ಪರೀಕ್ಷಿಸಿದನು. ಆಳದ ನೀರಿಗಿಂತ ಮೇಲಿನ ನೀರಿನಲ್ಲಿ ಸೀಸ ಹೆಚ್ಚು. ಅಂದರೆ ಅದು ಇತ್ತೀಚೆಗೆ ಮೇಲಿನಿಂದ ಬಿದ್ದದ್ದು. ಆ ಬಳಿಕ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅಗೆದು, ವರ್ಷ ವರ್ಷದ ಪದರಗಳಿಂದ ಮಂಜುಗಡ್ಡೆಗಳನ್ನು ಕೊಯ್ದು ತಂದರು. 1969ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಕ್ರಿ.ಪೂ. 800ರ ಮಂಜಿಗಿಂತ 1965ರ ಮಂಜಿನಲ್ಲಿ ಸೀಸವು ಇನ್ನೂರು ಪಟ್ಟಿಗೂ ಹೆಚ್ಚಾಗಿತ್ತು. 1940ರ ಬಳಿಕವಂತೂ ಅದು ಬಾಣದಂತೆ ಮೇಲಕ್ಕೆ ಹಾರಿತ್ತು.

ಈ ನಡುವೆ, 1965ರಲ್ಲಿ, ಪ್ಯಾಟರ್ಸನನು ಬರೆದ ಒಂದು ಲೇಖನವೇ ವ್ಯಾಜ್ಯದ ತಿರುವು. ಅದರಲ್ಲಿ ಆತನು ಎರಡು ಮಾತುಗಳನ್ನು ಬಿಡಿಸಿಟ್ಟನು: ಒಂದು ‘ಸಾಮಾನ್ಯ’, ಇನ್ನೊಂದು ‘ಸಹಜ’. ಇಂದು ಎಲ್ಲರ ರಕ್ತದಲ್ಲಿಯೂ ಇಷ್ಟು ಸೀಸವಿದೆ ಎಂದರೆ ಅದು ಸಾಮಾನ್ಯವಾಯಿತು, ಅಷ್ಟೆ, ಸಹಜವಾಗಲಿಲ್ಲ. ಊರಿನ ಎಲ್ಲರಿಗೂ ಜ್ವರ ಬಂದ ಮಾತ್ರಕ್ಕೆ ಜ್ವರದ ಉಷ್ಣಾಂಶವೇ ಮನುಷ್ಯನ ಸಹಜ ಉಷ್ಣಾಂಶವಾಗುವುದೇ? ಬಂಡೆ, ಸಮುದ್ರ, ಮಣ್ಣುಗಳ ಲೆಕ್ಕದಿಂದ ಹೊರಟು, ಆಗಿನ ಅಮೆರಿಕನ್ನರ ದೇಹದಲ್ಲಿ ಸಹಜ ಪ್ರಮಾಣದ ನೂರು ಪಟ್ಟು ಸೀಸವಿದೆಯೆಂದು ಆತನು ತೋರಿಸಿದನು. ಕೀಹೋ ಅವರ ಮೂವತ್ತು ವರ್ಷಗಳ ಅಳತೆಗಳು ಸುಳ್ಳಾಗಲಿಲ್ಲ. ಅವರು ಅಳೆದುದಕ್ಕೆ ಕೊಟ್ಟ ಹೆಸರು ತಪ್ಪಾಗಿತ್ತು.

ಈ ಮಾತಿಗೆ ತೆರಬೇಕಾದ ಬೆಲೆಯನ್ನೂ ಆತನು ತೆತ್ತನು. ಸಮುದ್ರದ ಸಂಶೋಧನೆಗೆ ಎಣ್ಣೆ ಉದ್ಯಮದವರು ಕೊಡುತ್ತಿದ್ದ ಹಣ ನಿಂತುಹೋಯಿತು. 1971ರಲ್ಲಿ ಗಾಳಿಯ ಸೀಸದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿಯು ತಜ್ಞರ ಸಮಿತಿಯನ್ನು ರಚಿಸಿದಾಗ, ಆ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ಪ್ಯಾಟರ್ಸನನ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಹಿಮ, ಸಮುದ್ರಗಳ ಸಾಕ್ಷ್ಯವಾಯಿತು. ಮಣ್ಣು ಏನು ಹೇಳಿತು? ಗಿಡಗಳ ಬೂದಿಯನ್ನು ಪರೀಕ್ಷಿಸಿ ನೆಲದಡಿಯ ಅದಿರನ್ನು ಪತ್ತೆಮಾಡುವುದರಲ್ಲಿ ನುರಿತಿದ್ದ ಹೆಲೆನ್ ಕ್ಯಾನನ್ ಎಂಬ ಭೂವಿಜ್ಞಾನಿ 1962ರಲ್ಲಿ ಡೆನ್ವರ್ ನಗರದ ಹೆದ್ದಾರಿಗಳ ಬದಿಯ ಹುಲ್ಲನ್ನು ಪರೀಕ್ಷಿಸಿದರು. ರಸ್ತೆಗೆ ಹತ್ತಿರವಾದಷ್ಟೂ ಹುಲ್ಲಿನಲ್ಲಿ ಸೀಸ ಹೆಚ್ಚು, ದೂರ ಸರಿದಷ್ಟೂ ಕಡಿಮೆ. ಬಂಡೆಯಿಂದ ಬಂದ ಸೀಸಕ್ಕೆ ರಸ್ತೆ ಯಾವುದೆಂದು ಹೇಗೆ ಗೊತ್ತಾಗಬೇಕು? ನೆಲವನ್ನು ಅಗೆದು ನೋಡಿದರೂ ಇದೇ ಬಗೆ. ಬಂಡೆಯಿಂದ ಹುಟ್ಟಿದ ಸೀಸ ಮಣ್ಣಿನ ಎಲ್ಲ ಪದರಗಳಲ್ಲಿಯೂ ಹರಡಿಕೊಂಡಿರುತ್ತದೆ. ಆಕಾಶದಿಂದ ಬಿದ್ದುದು ಮೇಲಿನ ಕೆಲವೇ ಅಂಗುಲಗಳಲ್ಲಿ, ಜೇಡಿಯನ್ನೂ ಕೊಳೆತ ಎಲೆಯ ಸಾರವನ್ನೂ ಗಟ್ಟಿಯಾಗಿ ಹಿಡಿದು ಕೂತಿರುತ್ತದೆ.

ಇದಕ್ಕಿಂತಲೂ ಬಲವಾದ ಗುರುತು ಇನ್ನೊಂದುಂಟು. ಸೀಸದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. 204, 206, 207, 208 ಎಂದು ನಾಲ್ಕು ತೂಕಗಳ ಐಸೊಟೋಪುಗಳಿವೆ. ಮೊದಲನೆಯದು ಭೂಮಿ ಹುಟ್ಟಿದಾಗಿನಿಂದ ಇದ್ದಷ್ಟೇ ಇದೆ. ಉಳಿದ ಮೂರು ಯುರೇನಿಯಂ, ಥೋರಿಯಂಗಳು ಕ್ಷಯಿಸಿದಂತೆಲ್ಲ ಹೆಚ್ಚುತ್ತಾ ಬಂದಿವೆ. ಆದ್ದರಿಂದ ಒಂದೊಂದು ಗಣಿಯ ಸೀಸದಲ್ಲಿ ಇವುಗಳ ಬೆರಕೆ ಒಂದೊಂದು ಬಗೆ. ಮನೆಮನೆಯ ಸಾರಿನಪುಡಿಗೆ ಬೇರೆಬೇರೆ ಹದವಿರುವಂತೆ ಇದು. ಮೂಸಿ ನೋಡಿದರೆ ಯಾರ ಮನೆಯದೆಂದು ಹೇಳಬಹುದು. 1965ರಲ್ಲಿ ಚೌ ಮತ್ತು ಜಾನ್‌ಸ್ಟನ್ ಎಂಬ ವಿಜ್ಞಾನಿಗಳು ಲಾಸ್ ಏಂಜಲೀಸಿನ ಗಾಳಿಯ ಸೀಸವನ್ನೂ ಅಲ್ಲಿಯ ಪೆಟ್ರೋಲಿನ ಸೀಸವನ್ನೂ ಹೀಗೆ ಹೋಲಿಸಿದರು. ಎರಡೂ ಒಂದೇ ಮನೆಯವೆಂದು ಗೊತ್ತಾಯಿತು.

ಹಳೆಯ ಮಾದರಿಗಳನ್ನು ಕಾಪಾಡಿ ಇಡುವುದರ ಬೆಲೆ ಆಗ ತಿಳಿಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1843ರಲ್ಲಿ ಆರಂಭವಾದ ಕೃಷಿ ಪ್ರಯೋಗ ಕೇಂದ್ರವುಂಟು. ಅಲ್ಲಿಯ ಒಂದು ಹುಲ್ಲುಗಾವಲಿನಲ್ಲಿ 1856ರಲ್ಲಿ ತೊಡಗಿದ ಪ್ರಯೋಗ ಇಂದಿಗೂ ನಡೆಯುತ್ತಿದೆ. ವರ್ಷವರ್ಷದ ಹುಲ್ಲನ್ನು ಒಣಗಿಸಿ ಜೋಪಾನವಾಗಿ ತೆಗೆದಿಟ್ಟಿದ್ದಾರೆ. ಗೊಬ್ಬರದ ಗುಣವನ್ನು ತಿಳಿಯಲು ಇಟ್ಟ ಆ ಹುಲ್ಲನ್ನು 1990ರ ದಶಕದಲ್ಲಿ ಸೀಸದ ಐಸೊಟೋಪುಗಳಿಗಾಗಿ ಪರೀಕ್ಷಿಸಿದರು. ಕಲ್ಲಿದ್ದಲಿನ ಕಾಲದ ಸೀಸ ಒಂದು ಬಗೆ, ಪೆಟ್ರೋಲಿನ ಕಾಲದ್ದು ಇನ್ನೊಂದು ಬಗೆ. ಪೆಟ್ರೋಲಿನಲ್ಲಿ ಸೀಸವನ್ನು ತಗ್ಗಿಸಿದ ಮೇಲೆ ಹುಲ್ಲಿನ ಗುರುತೂ ಹಿಂದಕ್ಕೆ ತಿರುಗಿತ್ತು. ಸ್ವಿಟ್ಜರ್‌ಲ್ಯಾಂಡಿನ ಒಂದು ಜೌಗುನೆಲದ ಲೆಕ್ಕ 1998ರಲ್ಲಿ ಪ್ರಕಟವಾಯಿತು. ಸಾವಿರಾರು ವರ್ಷಗಳ ಎಲೆಗೊಬ್ಬರ ಪದರಪದರವಾಗಿ ಕೂಡಿದ ಆ ನೆಲದಲ್ಲಿ ಮೊದಮೊದಲು ಕಾಣುವುದು ಮಣ್ಣಿನ ಧೂಳಿನ ಸಹಜ ಸೀಸ; ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಗಣಿಗಳ ಸೀಸ ತಲೆದೋರುತ್ತದೆ; ರೋಮಿನ ಕಾಲಕ್ಕೆ ಒಂದು ಉಬ್ಬು; ಕೊನೆಗೆ 1979ರಲ್ಲಿ ಶಿಖರ. ಆ ವರ್ಷ ಬಿದ್ದ ಸೀಸವು ಸಹಜ ಪ್ರಮಾಣದ 1570 ಪಟ್ಟು! ಗ್ರೀನ್‌ಲ್ಯಾಂಡಿನ ಮಂಜನ್ನು ಮತ್ತೆ ಪರೀಕ್ಷಿಸಿದವರಿಗೆ ರೋಮಿನ ಕಾಲದ ಸೀಸವೂ ಸಿಕ್ಕಿತು. ಅದರ ಬಹುಪಾಲು ಸ್ಪೇನಿನ ರಿಯೋ ಟಿಂಟೋ ಗಣಿಗಳದೆಂದು ಐಸೊಟೋಪುಗಳು ಹೇಳಿದುವು. ಸಲಾಮಿಸಿನ ಹಡಗುಗಳನ್ನು ಕಟ್ಟಿಸಿದಂಥ ಕುಲುಮೆಗಳ ಹೊಗೆ ಎಲ್ಲಿಗೆ ಹೋಯಿತೆಂಬ ಲೆಕ್ಕ ಎರಡು ಸಾವಿರ ವರ್ಷಗಳ ಮೇಲೆ ಹೀಗೆ ಸಿಕ್ಕಿತು.

ವಿಜ್ಞಾನಿಗಳ ಈ ಲೆಕ್ಕವು ಮಕ್ಕಳ ಮೈಗೆ ಹೇಗೆ ತಾಗುತ್ತದೆಂಬುದನ್ನು ತೋರಿಸಿದವರು ಬೇರೆ. ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಶಾಲೆಯ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅಳೆದರು. ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದ ಮಕ್ಕಳಲ್ಲಿಯೂ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರ ಗ್ರಹಣಶಕ್ತಿ ಉಳಿದವರಿಗಿಂತ ಕಡಿಮೆಯಿತ್ತೆಂದು 1979ರಲ್ಲಿ ವರದಿ ಮಾಡಿದರು. 1983ರಲ್ಲಿ ಹಾವರ್ಡ್ ಮೀಲ್ಕಿ ಮತ್ತು ಸಂಗಡಿಗರು ಬಾಲ್ಟಿಮೋರ್ ನಗರದ ಮನೆಗಳ ಕೈತೋಟದ ಮಣ್ಣಿನ ಲೆಕ್ಕವನ್ನು ಕೊಟ್ಟರು. ಮಣ್ಣಿನ ಸೀಸಕ್ಕೆ ಹಳೆಯ ಮನೆಗಳ ಬಣ್ಣವೇ ಕಾರಣವೆಂದು ಅದುವರೆಗೆ ಜನ ತಿಳಿದಿದ್ದರು. ಆದರೆ ಅತಿ ಹೆಚ್ಚು ಸೀಸ ಸಿಕ್ಕಿದ್ದು ನಗರದ ನಟ್ಟನಡುವೆ, ಬಣ್ಣ ಬಳಿಯದ ಇಟ್ಟಿಗೆಯ ಮನೆಗಳಿದ್ದಲ್ಲಿ. ಅಲ್ಲಿ ಹೆಚ್ಚಾಗಿದ್ದುದು ಬಣ್ಣವಲ್ಲ, ಮೋಟಾರುಗಳ ಸಂಚಾರ. ಮಣ್ಣಿನಲ್ಲಿ ಆಡಿ ಕೈಯನ್ನು ಬಾಯಿಗೆ ಇಡದ ಮಗು ಯಾವ ದೇಶದಲ್ಲಿದೆ?

ತೀರ್ಪು ಬಂದದ್ದು ನಿಧಾನವಾಗಿ. ಅಮೆರಿಕದಲ್ಲಿ 1973ರಲ್ಲಿ ಪೆಟ್ರೋಲಿನ ಸೀಸವನ್ನು ತಗ್ಗಿಸುವ ನಿಯಮಗಳು ಬಂದುವು. 1970ರ ದಶಕದ ಕೊನೆಯಿಂದ 1991ರೊಳಗೆ ಅಲ್ಲಿಯ ಜನರ ರಕ್ತದಲ್ಲಿನ ಸರಾಸರಿ ಸೀಸ ಡೆಸಿಲೀಟರಿಗೆ 12.8 ಮೈಕ್ರೋಗ್ರಾಮಿನಿಂದ 2.8ಕ್ಕೆ ಇಳಿಯಿತು. ಸಹಜವಾದುದಾಗಿದ್ದರೆ ಅದು ಇಳಿಯುತ್ತಿತ್ತೇ? ಪ್ಯಾಟರ್ಸನನು 1995ರ ಡಿಸೆಂಬರ್ 5ರಂದು ತೀರಿಕೊಂಡನು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲು ಪೂರ್ತಿಯಾಗಿ ನಿಷಿದ್ಧವಾದುದು 1996ರ ಜನವರಿ 1ರಂದು. ನಮ್ಮಲ್ಲಿ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲು ಬಂದಿತು. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ತಡೆಯುವ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿಯೇ ನಡೆಯಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲಿನ ಮಾರಾಟ ನಿಂತಿತು. ಕಟ್ಟಕಡೆಯದಾಗಿ ಆಲ್ಜೀರಿಯ ದೇಶ 2021ರಲ್ಲಿ ಅದನ್ನು ಬಿಟ್ಟಿತು. ಡೇಟನ್ನಿನ ಆ ಮೊದಲ ಮಾರಾಟದಿಂದ ಲೆಕ್ಕ ಹಾಕಿದರೆ ತೊಂಬತ್ತೆಂಟು ವರ್ಷ.

ಗಾಳಿ ತಿಳಿಯಾಯಿತು, ಆದರೆ ಮಣ್ಣು ತಿಳಿಯಾಗಲಿಲ್ಲ. ಗಾಳಿಯ ಸೀಸವನ್ನು ಒಂದು ಮಳೆ ತೊಳೆದೀತು. ಮಣ್ಣನ್ನು ಸೇರಿದ ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ನೀರಿನೊಡನೆ ಸುಲಭವಾಗಿ ಇಳಿದೂ ಹೋಗುವುದಿಲ್ಲ. ನೂರಾರು ವರ್ಷ ಅಲ್ಲಿಯೇ ಇರುತ್ತದೆ. ಅಮೆರಿಕವೊಂದರಲ್ಲಿಯೇ ಸುಮಾರು 70 ಲಕ್ಷ ಟನ್ನು ಸೀಸ ಪೆಟ್ರೋಲಿನೊಡನೆ ಉರಿದುಹೋಯಿತೆಂದು ಅಂದಾಜು. ನಮ್ಮ ನಗರಗಳ ಹಳೆಯ ರಸ್ತೆಗಳ ಬದಿಯ ಮಣ್ಣಿಗೂ ಹಲವು ದಶಕಗಳ ಕಾಲ ಈ ಸೀಸ ಬಿದ್ದಿದೆ. ಮಣ್ಣನ್ನು ಯಾರೂ ಎತ್ತಿ ಸಾಗಿಸದಿದ್ದರೆ ಅದು ಇನ್ನೂ ಅಲ್ಲಿಯೇ ಇರುತ್ತದೆ.

ಪೆಟ್ರೋಲು ಬಿಟ್ಟ ಜಾಗವನ್ನು ಬೇರೆ ಮೂಲಗಳು ಹಿಡಿದಿವೆ. ಮೋಟಾರಿನ, ಇನ್ವರ್ಟರಿನ ಹಳೆಯ ಬ್ಯಾಟರಿಗಳನ್ನು ಒಡೆದು ಸಂದುಗೊಂದುಗಳಲ್ಲಿ ಸೀಸ ಕಾಯಿಸುವ ಕುಲುಮೆಗಳು ಇವುಗಳಲ್ಲಿ ಮುಖ್ಯ. ಸೆನೆಗಾಲ್ ದೇಶದ ಥಿಯಾರೋಯ್ ಎಂಬಲ್ಲಿ 2007–08ರಲ್ಲಿ ಹದಿನೆಂಟು ಮಕ್ಕಳು ಇಂಥ ಬ್ಯಾಟರಿಯ ಮಣ್ಣಿನಿಂದ ಸತ್ತರು. ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ, ಅಂದರೆ ಸುಮಾರು 80 ಕೋಟಿ ಮಕ್ಕಳಲ್ಲಿ, ಎಚ್ಚರಿಕೆಯ ಮಟ್ಟಕ್ಕಿಂತ ಹೆಚ್ಚು ಸೀಸವಿದೆಯೆಂದು 2020ರಲ್ಲಿ ಯುನಿಸೆಫ್ ವರದಿ ಹೇಳಿತು. ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ನಮ್ಮ ದೇಶದವರು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಕೂಡದೆಂಬ ನಿಯಮ ನಮ್ಮಲ್ಲಿ 2017ರಿಂದ ಜಾರಿಗೆ ಬಂದಿದೆ. ಆದರೆ ಅದಕ್ಕೆ ಮೊದಲು ಬಳಿದ ಬಣ್ಣವು ಗೋಡೆ ಕಿಟಕಿಗಳಿಂದ ಉದುರಿ ಅಂಗಳಕ್ಕೆ ಬೀಳುತ್ತಲೇ ಇದೆ.

ಪ್ರಕೃತಿ ಯಾವುದು, ಮನುಷ್ಯ ಯಾವುದು ಎಂದು ಗೆರೆ ಎಳೆಯುವುದು ಎಲ್ಲ ಕಡೆಯೂ ಸುಲಭವೂ ಅಲ್ಲ. ನೈಜೀರಿಯ ದೇಶದ ಜಂಫಾರಾ ಪ್ರಾಂತದಲ್ಲಿ 2010ರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ಸೀಸದ ವಿಷದಿಂದ ಸತ್ತರು. ಅಲ್ಲಿ ಪೆಟ್ರೋಲಿಲ್ಲ, ಬ್ಯಾಟರಿಯಿಲ್ಲ; ಸೀಸ ಇದ್ದದ್ದು ಬಂಡೆಯಲ್ಲಿಯೇ. ಚಿನ್ನದ ಬೆಲೆ ಏರಿದಾಗ ಬಡವರು ಆ ಬಂಡೆಯನ್ನು ಮನೆಗೆ ತಂದು, ಅಂಗಳದಲ್ಲಿ ಕುಟ್ಟಿ ಪುಡಿಮಾಡಿ ಚಿನ್ನವನ್ನು ಆರಿಸಿಕೊಂಡರು; ಧೂಳು ಮಕ್ಕಳ ಪಾಲಾಯಿತು. ಬೆಟ್ಟದೊಳಗೆ ಕೋಟ್ಯಂತರ ವರ್ಷ ಸುಮ್ಮನಿದ್ದ ಸೀಸಕ್ಕೆ ಮನೆಯ ದಾರಿ ತೋರಿಸಿದ್ದು ಮನುಷ್ಯನ ಕೈ. ಅಲ್ಲಿ ಮೇಲ್ಮಣ್ಣನ್ನೆಲ್ಲ ಕೆರೆದು ತೆಗೆದು ಹೊಸ ಮಣ್ಣು ಹಾಕಬೇಕಾಯಿತು.

ಮಣ್ಣಿನ ಕೆಡುಕಿಗೆ ಮದ್ದೂ ಮಣ್ಣೇ ಎಂಬುದು ಬೇರೆ ಕಡೆಯೂ ಸಿದ್ಧವಾಗಿದೆ. ಬಾಲ್ಟಿಮೋರಿನ ತೋಟಗಳನ್ನು ಅಳೆದ ಮೀಲ್ಕಿ ಮುಂದೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕೆಲಸ ಮಾಡಿದರು. ಮಿಸಿಸಿಪ್ಪಿ ನದಿ ತಂದು ಹಾಕಿದ, ಸೀಸ ಕಡಿಮೆಯಿರುವ ಮೆಕ್ಕಲು ಮಣ್ಣನ್ನು ತರಿಸಿ ಮಕ್ಕಳ ಆಟದ ಬಯಲುಗಳ ಮೇಲೆ ಹೊದಿಸಿದರು. ಖರ್ಚು ಹೆಚ್ಚಿಲ್ಲದ ಕೆಲಸ. ಮಕ್ಕಳ ಕೈಗೆ ಹತ್ತುವ ಸೀಸ ಕೂಡಲೇ ತಗ್ಗಿತು. ನಮ್ಮ ಉದ್ಯಾನಗಳಲ್ಲಿ, ಶಾಲೆಯ ಬಯಲುಗಳಲ್ಲಿ ಇದನ್ನು ಮಾಡಲಾಗದೆಂದಿಲ್ಲ. ಮೊದಲು ಮಣ್ಣನ್ನು ಅಳೆಯಬೇಕು, ಅಷ್ಟೆ.

ಅಳೆಯುವಾಗ ಪ್ಯಾಟರ್ಸನನ ಎರಡು ಮಾತುಗಳು ನೆನಪಿನಲ್ಲಿರಲಿ. ಊರಿನ ಕೆರೆಯಲ್ಲಿ, ಕಾರ್ಖಾನೆಯ ಬೇಲಿಯ ಹೊರಗೆ, ಗಣಿಯ ಕೆಳಗಿನ ಹೊಲದಲ್ಲಿ ಲೋಹ ಸಿಕ್ಕಿದಾಗಲೆಲ್ಲ ‘ಇದು ಇಲ್ಲಿಯ ಮಣ್ಣಿನ ಗುಣ’ ಎಂಬ ಉತ್ತರ ಬರುವುದುಂಟು. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಬಂಡೆಗೆ ಸಲ್ಲಬೇಕಾದ ಪಾಲನ್ನು ಬಂಡೆಗೆ ಸಲ್ಲಿಸಲೇಬೇಕು. ಆದರೆ ಆ ಉತ್ತರವನ್ನು ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ: ಆಳದ ಮಣ್ಣಿನಲ್ಲಿ ಎಷ್ಟಿದೆ? ಹತ್ತು ಹರದಾರಿ ಆಚೆಯ ಅದೇ ಜಾತಿಯ ಮಣ್ಣಿನಲ್ಲಿ ಎಷ್ಟಿದೆ? ನಮ್ಮ ಅಜ್ಜಂದಿರ ಕಾಲದಲ್ಲಿ ಎಷ್ಟಿತ್ತು? ಕೀಹೋ ಅವರನ್ನು 1930ರ ದಶಕದಲ್ಲಿಯೇ ಯಾರಾದರೂ ಇವುಗಳಲ್ಲಿ ಒಂದನ್ನಾದರೂ ಕೇಳಿದ್ದರೆ, ಎರಡು ತಲೆಮಾರಿನ ಮಕ್ಕಳ ಮೂಳೆಯಲ್ಲಿ ಅಷ್ಟು ಸೀಸ ಸೇರುತ್ತಿರಲಿಲ್ಲ.